‘ಶೀಘ್ರದಲ್ಲೇ ಬರಲಿದೆ’ ಅಂದರೆ ಯಾವಾಗ ಸ್ವಾಮಿ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಊರಿನ ಆಸುಪಾಸಿನಿಂದ ಬಂದಿವೆ. ಅದು ಜರ್ಮನಿಯ ಶ್ವೀಬರ್ಡಿಂಗೆನ್. ಷ್ಟುಟ್‌ಗಾರ್ಟ್‌ ನಗರದ ವಾಯವ್ಯಕ್ಕೆ, ಗ್ಲೆಮ್ಸ್ ಹೊಳೆಯ ದಂಡೆಯ ಮೇಲಿರುವ ಸಣ್ಣ ಊರು. ಅಲ್ಲಿ ಬಾಷ್ ಕಂಪನಿಯ ದೊಡ್ಡ ಅಭಿವೃದ್ಧಿ ಕೇಂದ್ರವಿದೆ. ನಮ್ಮ ಆಡುಗೋಡಿಯ ‘ಮೈಕೋ’ 2008ರಲ್ಲಿ ಹೆಸರು ಬದಲಿಸಿಕೊಂಡು ಆದದ್ದೂ ಇದೇ ಬಾಷ್. ಹೀಗಾಗಿ ಬೆಂಗಳೂರಿನ ಎಂಜಿನಿಯರುಗಳು ಆ ಊರಿಗೆ ಹೋಗಿಬರುವುದು ಹೊಸದಲ್ಲ. ದಿನವಿಡೀ ಕಾರುಗಳ ಮಿದುಳನ್ನು ತಿದ್ದುವ ಜನ, ಸಂಜೆ ಮನೆಗೆ ಬಂದು ತಮ್ಮ ಜೇಬಿನ ಎಐ ಯಂತ್ರ ಹೇಳಿದ ಮಾತು ಕೇಳುತ್ತಿಲ್ಲ ಎಂದು ನನಗೆ ಬರೆದಿದ್ದಾರೆ. ಬರೆದವರ ಹೆಸರನ್ನೂ ಅವರು ಬೈದ ಕಂಪನಿಗಳ ಹೆಸರನ್ನೂ ಪತ್ರಗಳಿಂದ ತೆಗೆದಿದ್ದೇನೆ.

ಪ್ರಶ್ನೆ: ಸರ್, ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಅಂಗೈಯಗಲದ ಒಂದು ಎಐ ಸಾಧನ ತರಿಸಿದೆ. ಮಾತಿನಲ್ಲೇ ಹೇಳಿದರೆ ಟ್ಯಾಕ್ಸಿ ಕರೆಸುತ್ತದೆ, ಊಟ ತರಿಸುತ್ತದೆ, ಮೇಲ್ ಓದಿ ಉತ್ತರ ಬರೆಯುತ್ತದೆ ಅಂತೆಲ್ಲ ಜಾಹೀರಾತಿನಲ್ಲಿ ತೋರಿಸಿದ್ದರು. ಇಲ್ಲಿ ಅದು ಹವಾಮಾನ ಹೇಳುತ್ತದೆ, ಅಷ್ಟೆ. ಬೇರೆ ಏನು ಕೇಳಿದರೂ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ, ಶೀಘ್ರದಲ್ಲೇ ಬರಲಿದೆ’ ಅನ್ನುತ್ತದೆ. ಕಾಯಲೇ, ವಾಪಸ್ ಕಳಿಸಲೇ? ಮನೆಯವಳು ನೋಡಿದಾಗಲೆಲ್ಲ ನಗುತ್ತಾಳೆ. — ಓದುಗರು, ಶ್ವೀಬರ್ಡಿಂಗೆನ್

ಉತ್ತರ: ಮೊದಲು ನೀವೂ ಅವರ ಜೊತೆ ಸ್ವಲ್ಪ ನಕ್ಕುಬಿಡಿ, ಆಮೇಲೆ ಬಿಲ್ಲು ಹುಡುಕಿ.

ಆನ್‌ಲೈನ್ ಖರೀದಿಗೆ ಜರ್ಮನಿಯಲ್ಲಿ ‘ವೀಡರ್‌ರೂಫ್’ ಎಂಬ ಹಕ್ಕಿದೆ. ವಸ್ತು ಕೈಸೇರಿದ ಮೇಲೆ 14 ದಿನಗಳೊಳಗೆ ಕಾರಣ ಕೊಡದೆ ವಾಪಸ್ ಮಾಡಬಹುದು. ಕಳೆದ ತಿಂಗಳು ತರಿಸಿದ್ದು ಅಂದಮೇಲೆ ಆ ಗಡುವು ದಾಟಿರಬೇಕು. ಆದರೂ ಮಾರಿದವರ ಇಮೇಲ್ ಇನ್ನೊಮ್ಮೆ ಓದಿ. ಈ ಹಕ್ಕಿನ ಬಗ್ಗೆ ಅವರು ನಿಮಗೆ ಸರಿಯಾಗಿ ತಿಳಿಸಿರದಿದ್ದರೆ ಗಡುವು ಇನ್ನೂ 12 ತಿಂಗಳು ಮುಂದಕ್ಕೆ ಹೋಗುತ್ತದೆ. ಅಂಗಡಿಗೇ ಹೋಗಿ ಕೊಂಡವರಿಗೆ ಈ ಹಕ್ಕಿಲ್ಲ. ಅಂಗಡಿಯವರು ಹಿಂದಕ್ಕೆ ತೆಗೆದುಕೊಂಡರೆ ಅದು ಬರೀ ‘ಕುಲಾಂಟ್ಸ್’, ಅಂದರೆ ಅವರ ದೊಡ್ಡತನ.

ಗಡುವು ದಾಟಿದ್ದರೂ ಕೈಚೆಲ್ಲಿ ಕೂರಬೇಕಾಗಿಲ್ಲ. ವಸ್ತುವಿನಲ್ಲಿ ಕೊರತೆ ಇದ್ದರೆ ಎರಡು ವರ್ಷ ಮಾರಿದವರೇ ಹೊಣೆ. ಮೊದಲ ಒಂದು ವರ್ಷದಲ್ಲಿ ಕೊರತೆ ಕಂಡುಬಂದರೆ ಅದು ಮೊದಲಿನಿಂದಲೂ ಇತ್ತೆಂದೇ ಕಾನೂನು ಹಿಡಿಯುತ್ತದೆ, ಇರಲಿಲ್ಲ ಎಂದು ತೋರಿಸುವುದು ಮಾರಿದವರ ತಲೆನೋವು. ಹಾಗಾದರೆ ಕೊರತೆ ಅಂದರೆ ಏನು? ಜರ್ಮನಿಯ ಸಿವಿಲ್ ಸಂಹಿತೆಯ 434ನೇ ಕಲಮಿನ ಪ್ರಕಾರ ಮಾರುವವರೋ ತಯಾರಿಸಿದವರೋ ಜಾಹೀರಾತಿನಲ್ಲಿ ಸಾರ್ವಜನಿಕವಾಗಿ ಹೇಳಿದ್ದೂ ಲೆಕ್ಕಕ್ಕೆ ಬರುತ್ತದೆ. ಟ್ಯಾಕ್ಸಿ ಕರೆಸುತ್ತದೆ ಎಂದು ತೋರಿಸಿ ಮಾರಿದ ಯಂತ್ರ ಟ್ಯಾಕ್ಸಿ ಕರೆಸದಿದ್ದರೆ ಅದು ಕೊರತೆಯೇ ಎಂದು ವಾದಿಸಲು ನಿಮಗೆ ನೆಲೆ ಇದೆ. ಕೆಳಗೆ ನಕ್ಷತ್ರದ ಗುರುತು ಹಾಕಿ ‘ಎಲ್ಲ ದೇಶಗಳಲ್ಲಿ ಇಲ್ಲ’ ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದರೆ? 476ನೇ ಕಲಮು ಇನ್ನೂ ಬಿಗಿ. ಸಾಮಾನ್ಯವಾಗಿ ನಿರೀಕ್ಷಿಸುವುದಕ್ಕಿಂತ ಕಡಿಮೆಯದನ್ನು ಮಾರುವುದಾದರೆ ಕೊಳ್ಳುವವರಿಗೆ ಮೊದಲೇ ಬಿಡಿಸಿ ಹೇಳಿ, ಪ್ರತ್ಯೇಕವಾಗಿ ಒಪ್ಪಿಗೆ ಪಡೆಯಬೇಕು. ಆದರೆ ಆ ಸೌಲಭ್ಯ ಮುಂದೆ ಬರುವಂಥದ್ದು ಎಂದು ಜಾಹೀರಾತಿನಲ್ಲಿ ದೊಡ್ಡದಾಗಿಯೇ ಹೇಳಿದ್ದರೆ ನಿಮ್ಮ ವಾದ ತೆಳ್ಳಗಾಗುತ್ತದೆ.

ಹಾಗಾಗಿ ಜಾಹೀರಾತಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ನಾಳೆ ಅದು ಬದಲಾಗಿರಬಹುದು. ತಯಾರಕರಿಗಲ್ಲ, ನಿಮಗೆ ಮಾರಿದವರಿಗೆ ಬರೆಯಿರಿ. ಸರಿಪಡಿಸಲು ತಾರೀಖು ಕೊಡಿ. ಆ ತಾರೀಖು ದಾಟಿದರೆ ಬೆಲೆ ಇಳಿಸಿ ಎನ್ನಬಹುದು, ಹಣ ವಾಪಸ್ ಕೇಳಲೂಬಹುದು. ಉತ್ತರ ಬರದಿದ್ದರೆ ಬಾಡೆನ್-ವ್ಯುರ್ಟೆಂಬೆರ್ಗ್ ಗ್ರಾಹಕ ಕೇಂದ್ರದ ಕಚೇರಿ ಷ್ಟುಟ್‌ಗಾರ್ಟ್‌ನಲ್ಲಿದೆ, ಅಲ್ಲಿ ಸಲಹೆ ಪಡೆಯಿರಿ. ಮಾರಿದವರು ಅಮೆರಿಕದಲ್ಲಿ ಕೂತಿದ್ದರೆ ಕಾನೂನು ನಿಮ್ಮ ಕಡೆಗಿದ್ದರೂ ಹಣ ಕೈಗೆ ಬರುವುದು ಕಷ್ಟ. ಪೇಪಾಲ್, ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಆ ದಾರಿಯಿಂದಲೂ ಕೇಳಿ ನೋಡಿ.

ಇನ್ನು ಕಾಯುವ ಮಾತು. ‘ಇಲ್ಲ’ ಎಂಬ ಉತ್ತರದ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಒಂದು, ತಯಾರಿದೆ, ಕಾನೂನಿನ ತಕರಾರಿನಿಂದ ನಿಮ್ಮ ದೇಶಕ್ಕೆ ಬಿಟ್ಟಿಲ್ಲ. ಇದು ಸಾಮಾನ್ಯವಾಗಿ ಬರುತ್ತದೆ, ತಡವಾಗಿ. ಎರಡು, ನಿಮ್ಮ ಭಾಷೆಗೆ, ನಿಮ್ಮ ಊರಿನ ಸೇವೆಗಳಿಗೆ ಯಾರೂ ಜೋಡಿಸಿಲ್ಲ. ಇದು ಮಾರುಕಟ್ಟೆಯ ಲೆಕ್ಕಾಚಾರ, ಬರಲೂಬಹುದು ಬರದೇ ಇರಲೂಬಹುದು. ಮೂರು, ಅದನ್ನು ಇನ್ನೂ ಯಾರಿಗೂ ಮಾಡಿಯೇ ಇಲ್ಲ. ಈ ಮೂರನೆಯದನ್ನು ಕಾಯಬೇಡಿ.

ರ‍್ಯಾಬಿಟ್ ಆರ್1 ನೆನಪಿರಬಹುದು. 2024ರ ಜನವರಿಯಲ್ಲಿ 199 ಡಾಲರಿಗೆ ಘೋಷಣೆಯಾದ ಕಿತ್ತಳೆ ಬಣ್ಣದ ಪುಟ್ಟ ಡಬ್ಬಿ. ಯಾವ ಆ್ಯಪ್ ಅನ್ನಾದರೂ ನಿಮ್ಮ ಪರವಾಗಿ ನಡೆಸುತ್ತದೆ ಎಂಬುದು ಮಾತು. ಕೈಗೆ ಬಂದಾಗ ಅದು ಮಾತಾಡುತ್ತಿದ್ದುದು ನಾಲ್ಕೇ ಸೇವೆಗಳ ಜೊತೆ: ಸ್ಪಾಟಿಫೈ, ಊಬರ್, ಡೋರ್‌ಡ್ಯಾಶ್, ಮಿಡ್‌ಜರ್ನಿ. ಇದರಲ್ಲಿ ನಿಮ್ಮ ಸೀಮೆಗೆ ಸಂಬಂಧಿಸಿದ ತಮಾಷೆ ಒಂದಿದೆ. ಊಟ ತಂದುಕೊಡುವ ಡೋರ್‌ಡ್ಯಾಶ್ 2021ರ ನವೆಂಬರ್‌ನಲ್ಲಿ ಜರ್ಮನಿಗೆ ಕಾಲಿಟ್ಟದ್ದೇ ಷ್ಟುಟ್‌ಗಾರ್ಟ್‌ನಿಂದ. ಮರುವರ್ಷ ವೋಲ್ಟ್ ಕಂಪನಿಯನ್ನು ಕೊಂಡು, ಜರ್ಮನಿಯಲ್ಲಿ ಆ ಹೆಸರನ್ನೇ ಉಳಿಸಿಕೊಂಡು ತನ್ನ ಹೆಸರನ್ನು ಮಡಚಿಟ್ಟಿತು. ಯಂತ್ರಕ್ಕೆ ಗೊತ್ತಿದ್ದ ಊಟದ ಕಂಪನಿ ಯಂತ್ರ ಹುಟ್ಟುವ ಮೊದಲೇ ನಿಮ್ಮ ಸೀಮೆಯಿಂದ ಹೊರಟುಹೋಗಿತ್ತು!

ಇನ್ನೊಂದು ಹ್ಯೂಮೇನ್ ಕಂಪನಿಯ ಎಐ ಪಿನ್. ಅಂಗಿಗೆ ಸಿಕ್ಕಿಸಿಕೊಳ್ಳುವ ಯಂತ್ರ, 699 ಡಾಲರ್ ಬೆಲೆ, ಮೇಲೆ ತಿಂಗಳಿಗೆ 24 ಡಾಲರ್ ಚಂದಾ. ಕೊಂಡವರು 2024ರ ಏಪ್ರಿಲ್‌ನಿಂದ ‘ಮುಂದಿನ ಅಪ್‌ಡೇಟ್‌’ಗೆ ಕಾದರು. 2025ರ ಫೆಬ್ರುವರಿಯಲ್ಲಿ ಎಚ್‌ಪಿ ಕಂಪನಿ ಅದರ ಆಸ್ತಿಯನ್ನು 11.6 ಕೋಟಿ ಡಾಲರಿಗೆ ಕೊಂಡಿತು. ಆ ಸುದ್ದಿ ಬಂದ ಹತ್ತೇ ದಿನಕ್ಕೆ, ಫೆಬ್ರುವರಿ 28ರಂದು, ಪಿನ್ನುಗಳೆಲ್ಲ ಬಾಯಿ ಮುಚ್ಚಿದವು. 2024ರ ನವೆಂಬರ್ 15ರಿಂದೀಚೆಗೆ ಕಳಿಸಿದ ಪಿನ್ನುಗಳಿಗೆ ಮಾತ್ರ ಹಣ ವಾಪಸ್, ಹಳಬರಿಗೆ ಏನೂ ಇಲ್ಲ. ಮೊದಲು ನಂಬಿದವರಿಗೇ ಹೆಚ್ಚು ನಷ್ಟವಾಯಿತು.

ನಿಮ್ಮ ಸಾಧನ ಇವತ್ತು ಮಾಡುವ ಕೆಲಸಕ್ಕೆ ಅಷ್ಟು ಯೂರೋ ಕೊಡುತ್ತಿದ್ದಿರಾ? ಹವಾಮಾನ ಕೇಳಲು ಕೊಡುತ್ತಿರಲಿಲ್ಲ ಅಂತಾದರೆ ಕಾಯಬೇಡಿ, ಮೇಲೆ ಹೇಳಿದ ಪತ್ರ ಬರೆಯಿರಿ.

ಪ್ರಶ್ನೆ: ನನ್ನದೂ ಪಕ್ಕದ ಮೇಜಿನ ಗೆಳೆಯನದೂ ಒಂದೇ ಐಫೋನ್, ಒಂದೇ ಆವೃತ್ತಿ. ಅವನು ಬೆಂಗಳೂರಿನಿಂದ ಆರು ತಿಂಗಳ ಡೆಪ್ಯುಟೇಶನ್ ಮೇಲೆ ಬಂದವನು. ಎಐ ಸೌಲಭ್ಯಗಳು ಅವನ ಫೋನಿಗೆ ಮೊದಲು ಬರುತ್ತವೆ, ವರ್ಷಗಟ್ಟಲೆ ಇಲ್ಲಿ ತೆರಿಗೆ ಕಟ್ಟುತ್ತಿರುವ ನನಗೆ ಬರುವುದಿಲ್ಲ. ಇದು ಯಾವ ನ್ಯಾಯ? ವಿಪಿಎನ್ ಹಾಕಲೇ, ರೀಜನ್ ಬದಲಿಸಲೇ? — ಓದುಗರು, ಲುಡ್ವಿಗ್ಸ್‌ಬುರ್ಗ್

ಉತ್ತರ: ನಿಮ್ಮ ಗೆಳೆಯನಲ್ಲಿ ಅಂಥ ವಿಶೇಷವೇನಿಲ್ಲ, ಅವನ ಅಕೌಂಟ್ ಭಾರತದ್ದು, ಅಷ್ಟೆ.

2024ರ ಜೂನ್‌ನಲ್ಲಿ ಆಪಲ್ ಕಂಪನಿ ಆಪಲ್ ಇಂಟೆಲಿಜೆನ್ಸ್ ಘೋಷಿಸಿತು. ಅದೇ ತಿಂಗಳಲ್ಲಿ, ಯುರೋಪಿಯನ್ ಒಕ್ಕೂಟಕ್ಕೆ ಇದನ್ನು ಆ ವರ್ಷ ಕೊಡುವುದಿಲ್ಲ ಎಂದೂ ಹೇಳಿತು. ಕೊಟ್ಟ ಕಾರಣ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯಿದೆ. ದೊಡ್ಡ ಕಂಪನಿಗಳು ತಮ್ಮ ಸೌಲಭ್ಯಗಳನ್ನು ಬೇರೆಯವರ ಸಾಧನಗಳಿಗೂ ತೆರೆದಿಡಬೇಕು ಎನ್ನುವ ಈ ಕಾಯಿದೆಯನ್ನು ಅವು 2024ರ ಮಾರ್ಚ್‌ನಿಂದ ಪಾಲಿಸಬೇಕಾಯಿತು. ಅಮೆರಿಕದವರಿಗೆ ಆ ಅಕ್ಟೋಬರ್‌ನಲ್ಲೇ ಸಿಕ್ಕಿದ್ದು ಒಕ್ಕೂಟದ ಐಫೋನ್‌ಗಳಿಗೆ ಬಂದದ್ದು 2025ರ ಮಾರ್ಚ್ 31ಕ್ಕೆ, ಐಒಎಸ್ 18.4ರ ಜೊತೆ, ಜರ್ಮನ್ ಭಾಷೆ ಸಮೇತ. ಏರ್‌ಪಾಡ್ಸ್‌ನ ನೇರ ಅನುವಾದದ ಕಥೆಯೂ ಹಾಗೇ. 2025ರ ಸೆಪ್ಟೆಂಬರ್‌ನಲ್ಲಿ ಜಗತ್ತಿಗೆ ಬಂತು, ಡಿಸೆಂಬರ್‌ನಲ್ಲಿ ಒಕ್ಕೂಟಕ್ಕೆ.

ಈಗ ನಿಮ್ಮ ಗೆಳೆಯನ ಗುಟ್ಟು. ನೀವು ಒಕ್ಕೂಟದ ನೆಲದಲ್ಲಿರಬೇಕು ಮತ್ತು ನಿಮ್ಮ ಆಪಲ್ ಅಕೌಂಟ್ ಕೂಡ ಒಕ್ಕೂಟದ ದೇಶದ್ದಾಗಿರಬೇಕು, ಎರಡೂ ಕೂಡಿದಾಗ ಮಾತ್ರ ಬೀಗ ಬೀಳುತ್ತಿತ್ತು. ಶ್ವೀಬರ್ಡಿಂಗೆನ್‌ನಲ್ಲೇ ಕೂತಿದ್ದರೂ ಭಾರತದ ಅಕೌಂಟ್ ಇದ್ದವನಿಗೆ ಬೀಗವಿರಲಿಲ್ಲ. ವಿಪಿಎನ್ ಇದನ್ನು ತೆರೆಯುವುದಿಲ್ಲ, ಅದು ಇಂಟರ್ನೆಟ್ ವಿಳಾಸವನ್ನಷ್ಟೇ ಮರೆಮಾಡುತ್ತದೆ.

ರೀಜನ್ ಬದಲಿಸಬಹುದು, ನಾನಾದರೆ ಬದಲಿಸುವುದಿಲ್ಲ. ಅಕೌಂಟಿನಲ್ಲಿ ಉಳಿದ ಹಣ ಖಾಲಿ ಮಾಡಬೇಕು, ಚಂದಾಗಳನ್ನು ನಿಲ್ಲಿಸಬೇಕು, ಭಾರತದ ಪಾವತಿ ವಿಧಾನ ಕೊಡಬೇಕು. ಆಮೇಲೆ ಅಲ್ಲಿನ ಬ್ಯಾಂಕಿನದೋ ಆರೋಗ್ಯ ವಿಮೆಯದೋ ಆ್ಯಪ್ ಜರ್ಮನಿಯ ಅಕೌಂಟಿಗಷ್ಟೇ ಸಿಗುವಂಥದ್ದಾದರೆ ಅದರ ಅಪ್‌ಡೇಟ್ ನಿಲ್ಲುತ್ತದೆ. ಮೂರು ತಿಂಗಳು ಮೊದಲು ಸಿಗುವ ಅನುವಾದಕ್ಕೆ ವಿಮೆಯ ಆ್ಯಪ್ ಕಳೆದುಕೊಳ್ಳುವುದು ದುಬಾರಿ ವ್ಯಾಪಾರ.

ಎಲ್ಲದಕ್ಕೂ ಬ್ರಸೆಲ್ಸ್ ಅನ್ನು, ಅಂದರೆ ಒಕ್ಕೂಟದ ಆಡಳಿತವನ್ನು, ಬೈಯುವುದು ನಿಮ್ಮ ಕಡೆಯ ಪತ್ರಗಳಲ್ಲಿ ಒಂದು ಚಟವಾಗಿದೆ. ಅದನ್ನು ನಾನು ಪೂರ್ತಿ ಒಪ್ಪಲಾರೆ. ನಿಮ್ಮ ಹಳೆಯ ಬೇರೆ ಕಂಪನಿಯ ಇಯರ್‌ಫೋನೂ ಇಂಥ ಸೌಲಭ್ಯ ಪಡೆಯಬೇಕು ಎಂದು ಹಟ ಹಿಡಿದಿರುವುದೂ ಅದೇ ಬ್ರಸೆಲ್ಸ್. ಮತ್ತೆ ಪ್ರದೇಶದ ಬೇಲಿ ಹಾಕುವುದು ಅಮೆರಿಕದ ಕಂಪನಿಗಳು ಮಾತ್ರವೇ? 2023ರ ಜನವರಿಯಲ್ಲಿ ಅನಿವಾಸಿ ಭಾರತೀಯರು ತಮ್ಮ ವಿದೇಶಿ ಫೋನ್ ನಂಬರಿನಿಂದಲೇ ಯುಪಿಐ ಬಳಸಬಹುದು ಎಂದು ಪ್ರಕಟಿಸಿದಾಗ ಪಟ್ಟಿಯಲ್ಲಿ 10 ದೇಶಗಳಿದ್ದವು. ಕತಾರ್ ಇತ್ತು, ಒಮಾನ್ ಇತ್ತು. ಜರ್ಮನಿ ಇರಲಿಲ್ಲ.

ಪ್ರಶ್ನೆ: ಅವ್ವ ಮೂರು ತಿಂಗಳಿಗೆ ಹಾವೇರಿಯಿಂದ ಬರ್ತಾಳ. ಕನ್ನಡ ಬಿಟ್ಟು ಬೇರೆ ಬರಂಗಿಲ್ಲ. ನಾವಿಬ್ಬರೂ ಕೆಲಸಕ್ಕ ಹೋದ ಮ್ಯಾಲ ಆಕಿ ಬೇಕರಿಗೆ ಹೋಗಿ ಬ್ರೆಡ್ ತರಬೇಕು, ಪಕ್ಕದ ಮನಿ ಅಜ್ಜಿ ಕೂಡ ನಾಕು ಮಾತಾಡಬೇಕು ಅಂತ ನನ್ನ ಆಸೆ. ಅನುವಾದ ಮಾಡೋ ಎಐ ಇಯರ್‌ಬಡ್ ಕೊಡಸ್ಲೇನ್ರೀ? ಡಬ್ಬಿ ಮ್ಯಾಲ ‘100+ ಭಾಷೆಗಳು’ ಅಂತ ಬರದಾರ. — ಓದುಗರು, ಶ್ವೀಬರ್ಡಿಂಗೆನ್

ಉತ್ತರ: ಇಯರ್‌ಬಡ್ ಬೇಡ್ರಿ, ತಡೀರಿ ಸ್ವಲ್ಪ.

‘ನೂರು ಭಾಷೆ’ ಎಂದು ಡಬ್ಬಿಯ ಮೇಲೆ ಬರೆಯುವುದು ಸುಲಭ. ಪ್ರತಿ ಭಾಷೆಗೂ ಯಂತ್ರ ನಾಲ್ಕು ಕೆಲಸ ಕಲಿತಿರಬೇಕು: ಬರೆದದ್ದನ್ನು ಅನುವಾದಿಸುವುದು, ಆಡಿದ್ದನ್ನು ಕೇಳಿ ಬರಹವಾಗಿಸುವುದು, ಬರಹವನ್ನು ದನಿಯಲ್ಲಿ ಓದುವುದು, ಇವನ್ನೆಲ್ಲ ತಡವಿಲ್ಲದೆ ಒಂದರ ಹಿಂದೊಂದು ಮಾಡುವುದು. ಕನ್ನಡಕ್ಕೆ ಇವು ವರ್ಷಗಳ ಅಂತರದಲ್ಲಿ ಬಂದವು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಮಾತಾಡಿ ಟೈಪ್ ಮಾಡುವುದು ಕನ್ನಡಕ್ಕೆ ಬಂದದ್ದು 2017ರ ಆಗಸ್ಟ್‌ನಲ್ಲಿ. ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಅದರ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಅದರ ಜೊತೆ ನೇರ ಮಾತುಕತೆ ಕನ್ನಡದಲ್ಲೂ ಬರಲಿದೆ ಎಂಬ ಘೋಷಣೆ ಅದೇ ಅಕ್ಟೋಬರ್‌ನದು. ಅದೇ ವರ್ಷ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನ ಎಸ್24 ಫೋನಿನಲ್ಲಿ ಕರೆಯ ನಡುವೆಯೇ ಅನುವಾದಿಸುವ ಸೌಲಭ್ಯ ತಂದಾಗ 13 ಭಾಷೆಗಳಿದ್ದವು. ಹಿಂದಿ ಇತ್ತು, ಜರ್ಮನ್ ಇತ್ತು, ಕನ್ನಡ ಇರಲಿಲ್ಲ. ಏರ್‌ಪಾಡ್ಸ್‌ನ ಮೊದಲ ಪಟ್ಟಿಯಲ್ಲಿ ಭಾರತದ ಯಾವ ಭಾಷೆಯೂ ಇರಲಿಲ್ಲ. ಮೆಟಾದ ರೇ-ಬ್ಯಾನ್ ಕನ್ನಡಕ 2025ರ ಮೇನಲ್ಲಿ ಭಾರತದಲ್ಲಿ ಬಿಡುಗಡೆಯಾಗಿ, ಅಕ್ಟೋಬರ್‌ನಲ್ಲಿ ಹಿಂದಿ ಕಲಿತಿತು. ಅದೇ ತಿಂಗಳು ಅದಕ್ಕೆ ದೀಪಿಕಾ ಪಡುಕೋಣೆ ದನಿಯೂ ಬಂತು, ಇಂಗ್ಲಿಷಿನಲ್ಲಿ. ಬೆಂಗಳೂರಿನಲ್ಲಿ ಬೆಳೆದ ಹುಡುಗಿಯ ದನಿ ಮೊದಲು ಇಂಗ್ಲಿಷ್ ಮಾತಾಡಿತು ಅನ್ನುವುದನ್ನು ಸುಮ್ಮನೆ ಗುರುತಿಸಿಡುತ್ತೇನೆ.

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು ಸುಮಾರು 4.37 ಕೋಟಿ. ಯುರೋಪಿನ ಎಷ್ಟೋ ದೇಶಗಳಿಗಿಂತ ದೊಡ್ಡ ಸಂಖ್ಯೆ. ಹಾಗಿದ್ದೂ ಪಟ್ಟಿಯಲ್ಲಿ ಹಿಂದೆ ಬೀಳಲು ಕಾರಣ ಎರಡು. ಕನ್ನಡಿಗರು ಕನ್ನಡದಲ್ಲಿ ಯಂತ್ರ ಕೊಳ್ಳುತ್ತಾರೆಂದು ಕಂಪನಿಗಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಎರಡನೆಯದು, ಯಂತ್ರಕ್ಕೆ ಕಲಿಸಲು ಬೇಕಾದ ಮಾತಿನ ಸಂಗ್ರಹ ಕಡಿಮೆ. ಅದರಲ್ಲೂ ನಿಮ್ಮ ಅವ್ವನ ಮಾತಿನದು. ಸುದ್ದಿವಾಚಕರ ಕನ್ನಡ ತಿಳಿದ ಯಂತ್ರ ಹಾವೇರಿಯ ‘ಬರಂಗಿಲ್ಲ’ಕ್ಕೆ ತಡವರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೆಸ್ಪಿನ್ ಎಂಬ ಯೋಜನೆಯಲ್ಲಿ ಕನ್ನಡ ಸೇರಿ ಒಂಬತ್ತು ಭಾಷೆಗಳ ಉಪಭಾಷೆಗಳ ದನಿ ಸಂಗ್ರಹಿಸಿದ್ದು ಇದೇ ಕೊರತೆ ತುಂಬಲು. ಅದೇ ಸಂಸ್ಥೆ ಗೂಗಲ್ ಜೊತೆ ಸೇರಿ ವಾಣಿ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಕೂಡಿಹಾಕುತ್ತಿದೆ.

ಆ ಕಡೆಯ ತೊಡಕನ್ನೂ ಮರೆಯಬೇಡಿ. ಪಕ್ಕದ ಮನೆಯ ಅಜ್ಜಿ ಆಡುವುದು ಪುಸ್ತಕದ ಜರ್ಮನ್ ಅಲ್ಲ, ಶ್ವೇಬಿಷ್. ಬೇಕರಿಯಲ್ಲಿ ಬ್ರೆಡ್ಡಿನುಂಡೆಗೆ ‘ವೆಕ್ಲೆ’ ಅನ್ನುವ ಸೀಮೆ ಅದು. ಒಂದು ಕಡೆ ಹಾವೇರಿ, ಇನ್ನೊಂದು ಕಡೆ ಶ್ವೇಬಿಯ. ನಡುವೆ ಯಂತ್ರ ಅನೇಕ ಸಲ ಇಂಗ್ಲಿಷಿನ ಮೂಲಕ ಹಾದು ಹೋಗುತ್ತದೆ.

ಹಾಗಾಗಿ ಹೀಗೆ ಮಾಡಿ. ಹೊಸದೇನೂ ಕೊಳ್ಳಬೇಡಿ. ಅವ್ವನ ಫೋನಿನಲ್ಲೇ ಗೂಗಲ್ ಅನುವಾದದ ಸಂಭಾಷಣೆ ವಿಭಾಗವನ್ನು ಕನ್ನಡ–ಜರ್ಮನ್‌ಗೆ ಹೊಂದಿಸಿ, ಹೋಂ ಸ್ಕ್ರೀನಿನಲ್ಲಿ ಇಡಿ. ಊರಲ್ಲಿರುವಾಗಲೇ ನೀವು ವಿಡಿಯೊ ಕರೆಯಲ್ಲಿ ಜರ್ಮನ್ ಮಾತಾಡಿ ಅಭ್ಯಾಸ ಮಾಡಿಸಿ. ಸಣ್ಣ ವಾಕ್ಯ, ಒಂದು ಸಲಕ್ಕೆ ಒಂದೇ ಮಾತು, ನಡುವೆ ಬಿಡುವು. ಫೋನ್ ಇಬ್ಬರಿಗೂ ಕಾಣುವಂತೆ ಮೇಜಿನ ಮೇಲಿದ್ದರೆ ತಪ್ಪಾದದ್ದು ತಕ್ಷಣ ಕಾಣುತ್ತದೆ, ಇಬ್ಬರೂ ನಗಬಹುದು. ಕಿವಿಯೊಳಗಿನ ಯಂತ್ರ ತಪ್ಪು ಹೇಳಿದರೆ ಒಬ್ಬರಿಗಷ್ಟೇ ಕೇಳುತ್ತದೆ. ಡಾಕ್ಟರ ಹತ್ತಿರ ಮಾತ್ರ ನೀವೇ ಜೊತೆಗೆ ಹೋಗಿ. ಔಷಧಿಯ ಪ್ರಮಾಣವನ್ನು ಯಂತ್ರದ ಬಾಯಿಗೆ ಬಿಡಬೇಡಿ.

ಯಾವ ಇಯರ್‌ಬಡ್‌ಗಾದರೂ ನೇರ ಅನುವಾದ ಕೊಡುವ ಗೂಗಲ್‌ನ ಪ್ರಯೋಗ 2025ರ ಡಿಸೆಂಬರ್‌ನಲ್ಲಿ 70ಕ್ಕೂ ಹೆಚ್ಚು ಭಾಷೆಗಳಿಗೆ ಶುರುವಾಯಿತು. ಮೊದಲು ಕೊಟ್ಟದ್ದು ಮೂರು ದೇಶಗಳಿಗೆ: ಅಮೆರಿಕ, ಮೆಕ್ಸಿಕೊ, ಭಾರತ. ಅಂದರೆ ಮೊದಲ ಸಾಲು ಹಾವೇರಿಯ ಅವ್ವನಿಗೆ ಸಿಕ್ಕಿತು, ಶ್ವೀಬರ್ಡಿಂಗೆನ್‌ನ ಎಂಜಿನಿಯರ್ ಮಗನಿಗೆ ಸಿಗಲಿಲ್ಲ.

ಪ್ರಶ್ನೆ: ಎಐ ಕನ್ನಡಕ ಭಾರತದಲ್ಲಿ ಅಗ್ಗ. ಅಪ್ಪನ ಕೈಲಿ ತರಿಸಲೇ? — ಓದುಗರು, ಬೋಬ್ಲಿಂಗೆನ್

ಉತ್ತರ: ವಿಮಾನದಲ್ಲಿ ಬರುವ ವಯಸ್ಕರು 430 ಯೂರೋವರೆಗಿನ ವಸ್ತುವನ್ನು ಸುಂಕವಿಲ್ಲದೆ ತರಬಹುದು, ಬಿಲ್ಲು ಕೈಯಲ್ಲಿರಲಿ. ಪಾರ್ಸೆಲ್‌ನಲ್ಲಿ ಕಳಿಸಿದರೆ ಲೆಕ್ಕವೇ ಬೇರೆ, 19 ಶೇಕಡ ಆಮದು ತೆರಿಗೆ ಬೀಳುತ್ತದೆ. ಆದರೆ ಜರ್ಮನಿಯ ಎರಡು ವರ್ಷದ ಹೊಣೆಗಾರಿಕೆ ಬೆಂಗಳೂರಿನ ಅಂಗಡಿಗೆ ಅನ್ವಯಿಸುವುದಿಲ್ಲ. ಕೆಟ್ಟರೆ ಅಪ್ಪನೇ ಹೊತ್ತುಕೊಂಡು ವಾಪಸ್ ಹೋಗಬೇಕು. ಉಳಿಯುವ ನಾಲ್ಕು ಕಾಸಿಗೆ ಅವರನ್ನು ಕೊರಿಯರ್ ಹುಡುಗನನ್ನಾಗಿ ಮಾಡಬೇಡಿ.

ಪ್ರಶ್ನೆ: ಮಗ ಜರ್ಮನಿಯಿಂದ ತಾನು ಬಳಸಿದ ಮಾತಾಡುವ ಸ್ಪೀಕರ್ ಕಳಿಸಿದ್ದಾನೆ. ಅದು ನನ್ನ ಜೊತೆ ಜರ್ಮನ್ ಮಾತಾಡುತ್ತದೆ. ಸುಪ್ರಭಾತ ಹಾಕು ಅಂದರೆ ಏನೋ ಬೈದ ಹಾಗೆ ಕೇಳುತ್ತದೆ. — ಓದುಗರು, ಮೈಸೂರು

ಉತ್ತರ: ಬೈದಿಲ್ಲ ತಾಯಿ, ಅರ್ಥವಾಗಿಲ್ಲ ಅಂದಿದೆ. ಆ ಸ್ಪೀಕರ್ ಇನ್ನೂ ನಿಮ್ಮ ಮಗನ ಅಕೌಂಟಿನಲ್ಲೇ ಇದೆ. ಅವರು ಅಲ್ಲಿಂದಲೇ ತಮ್ಮ ಅಕೌಂಟಿನಿಂದ ಅದನ್ನು ತೆಗೆಯಬೇಕು, ಆಮೇಲೆ ನೀವು ಇಲ್ಲಿನ ಅಕೌಂಟಿನಲ್ಲಿ ಹೊಸದಾಗಿ ಸೇರಿಸಬೇಕು. ಅಲೆಕ್ಸಾ ಆಗಿದ್ದರೆ 2019ರಿಂದ ಹಿಂದಿ ಇದೆ, ಭಾರತದ ಇಂಗ್ಲಿಷ್ ಇದೆ. ‘ಪ್ಲೇ ಸುಪ್ರಭಾತಂ’ ಅನ್ನಿ, ಅಷ್ಟು ಅದಕ್ಕೆ ಸಾಕು.

ಪ್ರಶ್ನೆ: ಕೊರಳಿಗೆ ಹಾಕಿಕೊಳ್ಳುವ ಎಐ ಪೆಂಡೆಂಟ್ ದಿನವಿಡೀ ಕೇಳಿಸಿಕೊಂಡು ಸಂಜೆ ಸಾರಾಂಶ ಕೊಡುತ್ತದಂತೆ. ಮೀಟಿಂಗ್‌ಗಳಲ್ಲಿ ಜರ್ಮನ್ ಅರ್ಧ ತಪ್ಪಿಹೋಗುತ್ತದೆ, ನನಗೆ ವರವಾದೀತು. ಜರ್ಮನಿಗೆ ಮಾತ್ರ ಕಳಿಸುತ್ತಿಲ್ಲ ಅನ್ನುತ್ತಾರೆ. ಬೆಂಗಳೂರಿಗೆ ತರಿಸಿ ಅಲ್ಲಿಂದ ತಂದರೆ? ಹಾಗೇ, ಮಗಳಿಗೆ ಮಾತಾಡುವ ಎಐ ಗೊಂಬೆಯೊಂದನ್ನೂ ತರಿಸುವ ಯೋಚನೆ ಇದೆ. — ಓದುಗರು, ಶ್ವೀಬರ್ಡಿಂಗೆನ್

ಉತ್ತರ: ಎರಡನ್ನೂ ತರಬೇಡಿ. ಈ ಸಲ ಬೇಲಿ ಇರುವುದು ಒಳ್ಳೆಯದಕ್ಕೆ.

ಜರ್ಮನ್ ದಂಡ ಸಂಹಿತೆಯ 201ನೇ ಕಲಮು ಬೇರೆಯವರ ಖಾಸಗಿ ಮಾತನ್ನು ಅವರ ಅನುಮತಿಯಿಲ್ಲದೆ ಧ್ವನಿಮುದ್ರಿಸುವುದನ್ನು ಅಪರಾಧ ಎನ್ನುತ್ತದೆ, ಮೂರು ವರ್ಷದವರೆಗೆ ಸೆರೆ ಅಥವಾ ದಂಡ. ಮೀಟಿಂಗ್ ಕೋಣೆಯ ಮಾತೂ ಅದರಲ್ಲಿ ಬರುತ್ತದೆ. ಕೆಲಸದ ಜಾಗಕ್ಕೆ ಇನ್ನೊಂದು ಕಟ್ಟಳೆಯಿದೆ: ನೌಕರರ ಮೇಲೆ ಕಣ್ಣಿಡಬಲ್ಲ ಯಂತ್ರವನ್ನು ಕಂಪನಿಯೇ ತರುವುದಾದರೂ ನೌಕರರ ಮಂಡಳಿಯ ಒಪ್ಪಿಗೆ ಬೇಕು. ನೀವು ಕೊರಳಲ್ಲಿ ಹಾಕಿಕೊಂಡು ಹೋದರೆ ಸಾರಾಂಶ ಬರುವ ಮೊದಲೇ ಮಾನವ ಸಂಪನ್ಮೂಲ ವಿಭಾಗದಿಂದ ಕರೆ ಬರುತ್ತದೆ. ಇಂಥ ಪೆಂಡೆಂಟ್ ಮಾರುತ್ತಿದ್ದ ಲಿಮಿಟ್‌ಲೆಸ್ ಕಂಪನಿಯನ್ನು 2025ರ ಡಿಸೆಂಬರ್‌ನಲ್ಲಿ ಮೆಟಾ ಕೊಂಡಾಗ, ಯುರೋಪಿಯನ್ ಒಕ್ಕೂಟದ ಬಳಕೆದಾರರಿಗೆ ಸೇವೆಯೇ ನಿಂತಿತು. ಅಲ್ಲಿಗೆ ತಂದಿಟ್ಟುಕೊಂಡವರ ಕೊರಳಲ್ಲಿ ಉಳಿದದ್ದು ಗುಂಡಿ ಮಾತ್ರ. ಮೀಟಿಂಗ್‌ನಲ್ಲಿ ನಿಮ್ಮ ಕಂಪನಿಯ ಅನುಮತಿ ಇರುವ ವಿಡಿಯೊ ಕರೆಯ ತಂತ್ರಾಂಶದಲ್ಲಿ ಶೀರ್ಷಿಕೆಗಳನ್ನು ಹಾಕಿಸಿಕೊಳ್ಳಿ. ಎಲ್ಲರಿಗೂ ಕಾಣುತ್ತದೆ, ಯಾರಿಂದಲೂ ಮುಚ್ಚಿಟ್ಟಂತಾಗುವುದಿಲ್ಲ.

ಗೊಂಬೆಯ ವಿಷಯದಲ್ಲಿ ಜರ್ಮನಿಗೆ ಹಳೆಯ ಅನುಭವವಿದೆ. ಕೇಲಾ ಎಂಬ ಮಾತಾಡುವ ಗೊಂಬೆ ಬಂದಿತ್ತು. ಮಗು ಕೇಳಿದ ಪ್ರಶ್ನೆಗೆ ಇಂಟರ್ನೆಟ್ಟಿನಿಂದ ಉತ್ತರ ಹುಡುಕಿ ಹೇಳುತ್ತಿತ್ತು. ಅದರ ಬ್ಲೂಟೂತ್‌ಗೆ ರಕ್ಷಣೆಯಿರಲಿಲ್ಲ, ಹತ್ತಿರದಲ್ಲಿರುವ ಅಪರಿಚಿತರು ಅದರ ಮೂಲಕ ಮಗುವಿನ ಮಾತು ಕೇಳಬಹುದಿತ್ತು, ತಾವೂ ಮಾತಾಡಬಹುದಿತ್ತು. 2017ರ ಫೆಬ್ರುವರಿಯಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಅದನ್ನು ಬೇರೆ ವಸ್ತುವಿನ ವೇಷದ ಬೇಹುಗಾರಿಕೆ ಯಂತ್ರ ಎಂದು ನಿಷೇಧಿಸಿ, ಮನೆಯಲ್ಲಿದ್ದವನ್ನು ನಿಷ್ಕ್ರಿಯಗೊಳಿಸಲು ಪೋಷಕರಿಗೆ ಹೇಳಿತು. ಅದೇ ನವೆಂಬರ್‌ನಲ್ಲಿ ಕದ್ದು ಕೇಳುವ ಸೌಲಭ್ಯದ ಮಕ್ಕಳ ಕೈಗಡಿಯಾರಗಳಿಗೂ ಇದೇ ಗತಿಯಾಯಿತು. ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ತಪ್ಪು.

ಮಗಳಿಗೆ ಗೊಂಬೆ ತರುವುದೇ ಆದರೆ ಚನ್ನಪಟ್ಟಣದ್ದನ್ನು ತರಿಸಿ. ಅದಕ್ಕೆ ಯಾವ ರೀಜನ್ನಿನ ಅಕೌಂಟೂ ಬೇಡ.